ಕಿರುಬೆರಳು

ಕ್ರಿನಾ ನಲವತ್ತೊಂದು ಕಿಲೋ ತೂಗುತ್ತಿದ್ದಳು. ಡ್ಯಾನ್ಯೂಬ್ ನದಿ ದಡದ ಆ ರುಮೇನಿಯನ್ ಊರಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಸಾವೆತಾ ದಿನವೂ ಎತ್ತುವ ಒದ್ದೆ ಬಟ್ಟೆಯ ಮೂಟೆ ಅದಕ್ಕಿಂತ ಭಾರ. ಆದರೆ ಮೂಟೆ ಒದೆಯುವುದಿಲ್ಲ. ಕಚ್ಚುವುದಿಲ್ಲ. ಕಿವಿಗೆ ಬಾಯಿಟ್ಟು "ಅಮ್ಮ ಬ್ಯಾಡ, ಅಮ್ಮ ಬ್ಯಾಡ" ಎಂದು ಕೂಗುವುದಿಲ್ಲ.

ದಿನಾ ಬೆಳಿಗ್ಗೆ ಏಳೂವರೆಗೆ ಸಾವೆತಾ ತನ್ನ ಹನ್ನೆರಡು ವರ್ಷದ ಮಗಳನ್ನು ಎತ್ತಿಕೊಂಡು ನಾಲ್ಕು ಮಹಡಿ ಇಳಿಯುತ್ತಿದ್ದಳು. ಲಿಫ್ಟ್ ಕೆಟ್ಟು ವರ್ಷಗಳೇ ಆಗಿದ್ದವು. ಎಡಗೈ ಮಗಳ ಕಂಕುಳಿಗೆ, ಬಲಗೈ ಮಂಡಿಯ ಕೆಳಗೆ. ಕ್ರಿನಾ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಿದ್ದಳು. ಮೆಟ್ಟಿಲಿನ ಕಟಕಟೆ, ಪಕ್ಕದವರ ಬಾಗಿಲ ಹಿಡಿ, ತಾಯಿಯ ಕೂದಲು. ಒಂದೊಂದು ಮಹಡಿಯಲ್ಲೂ ಒಂದೊಂದು ಬಾಗಿಲು ಗೇಣಷ್ಟು ತೆರೆದುಕೊಳ್ಳುತ್ತಿತ್ತು.

"ಸರಿಯಾಗಿ ನಾಲ್ಕು ಬಿಡು ಸಾವೆತಾ. ಎಲ್ಲಾ ನೆಟ್ಟಗಾಗ್ತದೆ" ಎಂದು ಮೂರನೆಯ ಮಹಡಿಯ ಮುದುಕಿ ದಿನಾ ಹೇಳುತ್ತಿದ್ದಳು.

ಸಾವೆತಾ ಅದನ್ನೂ ಮಾಡಿಯಾಗಿತ್ತು. ಮಮಲಿಗಾ ಎಂಬ ಮೆಕ್ಕೆಜೋಳದ ಮುದ್ದೆ ತಿರುವುವ ಕೋಲಿನಲ್ಲಿ ಮಗಳ ಕಾಲಿಗೆ ಬಾರಿಸಿದ್ದಳು. ಕ್ರಿನಾ ಅತ್ತಿರಲಿಲ್ಲ. ಹೊಡೆದು ಮುಗಿದ ಮೇಲೆ "ಈಗ ಹೋಗೋದು ಬ್ಯಾಡ ತಾನೆ?" ಎಂದು ಕೇಳಿದ್ದಳು. ಹೊಡೆತ ತಿಂದರೆ ಶಾಲೆಗೆ ಹೋಗುವುದು ತಪ್ಪುತ್ತದೆ ಎಂದುಕೊಂಡಿದ್ದಳು. ಅಂದಿನಿಂದ ಸಾವೆತಾ ಆ ಕೋಲು ಮುಟ್ಟಿದರೆ ಮುದ್ದೆ ತಿರುವುವುದಕ್ಕೆ ಮಾತ್ರ.

ನಾಲ್ಕನೆಯ ತರಗತಿಯವರೆಗೆ ಹೀಗಿರಲಿಲ್ಲ. ಒಬ್ಬಳೇ ಟೀಚರ್ ಇದ್ದಳು, ವಯಸ್ಸಾದವಳು. ಕ್ರಿನಾ ಕಿಟಕಿಯ ಪಕ್ಕ ಕೂತು ಕಿವಿಗೆ ರಸ್ತೆ ಕೆಲಸದವರ ದಪ್ಪ ಕಿವಿಮುಚ್ಚಿಗೆ ಹಾಕಿಕೊಂಡರೆ ಅವಳು ಏನೂ ಅನ್ನುತ್ತಿರಲಿಲ್ಲ. ಐದನೆಯ ತರಗತಿಗೆ ದೊಡ್ಡ ಕಟ್ಟಡ. ಗಂಟೆಗೊಬ್ಬ ಮೇಷ್ಟ್ರು. ಕಾರಿಡಾರಿನಲ್ಲಿ ಆರುನೂರು ಮಕ್ಕಳು ಒಟ್ಟಿಗೆ ಓಡುತ್ತಿದ್ದರು. ಕಿವಿಮುಚ್ಚಿಗೆ ಹಾಕಲು ಇಲ್ಲಿ ಬಿಡುತ್ತಿರಲಿಲ್ಲ. ಐವತ್ತು ನಿಮಿಷಕ್ಕೊಮ್ಮೆ ಬೆಲ್ಲು. ಅದು ಹೊಡೆದಾಗ ಕ್ರಿನಾ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದಳು. ಇಡೀ ಕ್ಲಾಸು ನಗುತ್ತಿತ್ತು. ಹಿಂದಿನ ಬೆಂಚಿನವರು ಬೆಲ್ಲಿನ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ಪಾಠದ ನಡುವೆ ಅವಳ ಕಿವಿಗೆ ಹಿಡಿಯುತ್ತಿದ್ದರು.

ಮೊದಲು ಹೊಟ್ಟೆನೋವು ಶುರುವಾಯಿತು. ಆಮೇಲೆ ವಾಂತಿ. ಭಾನುವಾರ ಮಧ್ಯಾಹ್ನ ಊಟ ಆದ ಕೂಡಲೇ ಅವಳ ಕೈ ತಣ್ಣಗಾಗುತ್ತಿತ್ತು. ಮಾತು ನಿಲ್ಲುತ್ತಿತ್ತು. ಒಂದೊಂದಾಗಿ ರೆಪ್ಪೆಯ ಕೂದಲು ಕಿತ್ತುಕೊಳ್ಳುತ್ತಿದ್ದಳು. ಚಳಿಗಾಲ ಬರುವಷ್ಟರಲ್ಲಿ ಎರಡು ಕಣ್ಣಿಗೂ ರೆಪ್ಪೆಗೂದಲಿರಲಿಲ್ಲ.

"ಯಾಕೆ ಹೋಗಲ್ಲ ಹೇಳು. ಯಾಕೆ?"

"ಗೊತ್ತಿಲ್ಲ."

"ಯಾರಾದ್ರೂ ಬಯ್ತಾರಾ? ಹೊಡೀತಾರಾ? ಯಾಕೆ ಮಗಾ?"

"ಗೊತ್ತಿಲ್ಲಮ್ಮ."

ಆಟಿಸಂ ಇದೆ ಎಂದು ಡಾಕ್ಟರು ಬರೆದುಕೊಟ್ಟ ಕಾಗದವಿತ್ತು. ಸಾವೆತಾ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕ್ಲಾಸ್ ಟೀಚರ್ ಚೆರ್ನಾತ್ ಮೇಡಂಗೆ ಕೊಟ್ಟಿದ್ದಳು. ಮೇಡಂ ಓದಿ ಡ್ರಾಯರಿಗೆ ಹಾಕಿದ್ದಳು.

"ಈಗಿನ ಕಾಲದಲ್ಲಿ ಎಲ್ಲರ ಹತ್ರಾನೂ ಒಂದೊಂದು ಕಾಗದ ಇರುತ್ತಮ್ಮ. ನಂಗೆ ಮೂವತ್ತೊಂದು ಮಕ್ಕಳು. ಒಬ್ಬಳಿಗೋಸ್ಕರ ಬೆಲ್ಲು ನಿಲ್ಲಿಸೋಕಾಗುತ್ತಾ?"

ಹೋದ ವರ್ಷ ಕ್ರಿನಾ ಇಪ್ಪತ್ತೆರಡು ದಿನ ಮನೆಯಲ್ಲೇ ಉಳಿದಳು. ಶಾಲೆಯಿಂದ ಮೊಹರು ಹಾಕಿದ ಪತ್ರ ಬಂತು. ಹೀಗೇ ಆದರೆ ಮಕ್ಕಳ ರಕ್ಷಣಾ ಕಚೇರಿಗೆ ತಿಳಿಸುತ್ತೇವೆ, ತಾಯಿಗೆ ಮಗುವನ್ನು ನೋಡಿಕೊಳ್ಳುವ ಯೋಗ್ಯತೆ ಇದೆಯೇ ಎಂದು ಅವರೇ ವಿಚಾರಿಸುತ್ತಾರೆ ಎಂದು ಬರೆದಿತ್ತು. ಸಾವೆತಾ ಶಾಲೆಗೆ ಓಡಿದಳು. ಗಂಡ ಸ್ಪೇನಿಗೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅವಳ ಜೊತೆ ನಿಂತು ಮಾತಾಡುವವರು ಯಾರೂ ಇರಲಿಲ್ಲ.

"ನೋಡಿ ಸಾವೆತಾ, ನೀವು ಒಂದು ದಿನ ಸೋತ್ರಿ ಅಂದ್ರೆ ಅವಳು ಗೆದ್ದ ಹಾಗೆ" ಎಂದು ಚೆರ್ನಾತ್ ಮೇಡಂ ಹೇಳಿದಳು. "ಅವಳಿಗೆ ಗೊತ್ತು, ಅತ್ರೆ ಅಮ್ಮ ಕರಗ್ತಾಳೆ ಅಂತ. ಹೇಗಾದ್ರೂ ಮಾಡಿ ಗೇಟ್ ತನಕ ತಂದುಬಿಡಿ. ಒಳಗಿಂದು ನಮಗೆ ಬಿಡಿ."

ಸಾವೆತಾ ಅವರಿಗೇ ಬಿಟ್ಟಳು. ಅಂದಿನಿಂದ ಎತ್ತುವುದು ಶುರುವಾಯಿತು.

ಮಗಳು ಸೋಮಾರಿಯಲ್ಲ ಎಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಮನೆಗೆ ಬಂದವಳೇ ಕ್ರಿನಾ ಬಚ್ಚಲಿನ ಖಾಲಿ ಟಬ್ಬಿನಲ್ಲಿ ದಿಂಬು ಹಾಕಿಕೊಂಡು ಕೂರುತ್ತಿದ್ದಳು. ದೀಪ ಹಾಕುತ್ತಿರಲಿಲ್ಲ, ಟಾರ್ಚಿನ ಬೆಳಕು ಸಾಕಿತ್ತು. ಕೈವಾರ ಹಿಡಿದು ವೃತ್ತದೊಳಗೆ ವೃತ್ತ ಬರೆಯುತ್ತಿದ್ದಳು. ಎಂಟನೆಯ ತರಗತಿಯ ರೇಖಾಗಣಿತದ ಪುಸ್ತಕ ಎಲ್ಲಿಂದಲೋ ಸಂಪಾದಿಸಿ ಅರ್ಧ ಮುಗಿಸಿದ್ದಳು. ಸಾವೆತಾ ಎರಡು ಗಂಟೆಯ ಪಾಳಿಗೆ ಹೊರಡುವಾಗ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಹೊತ್ತಿಗೆ ಮಗಳ ಮುಖ ನೆಮ್ಮದಿಯಾಗಿರುತ್ತಿತ್ತು. ನಾಳೆ ಬೆಳಿಗ್ಗೆ ಆ ಮುಖವನ್ನು ತಾನೇ ಕೆಡಿಸಬೇಕು ಎಂದು ನೆನಪಾಗಿ ಬಾಗಿಲು ಎಳೆದುಕೊಂಡು ಹೊರಡುತ್ತಿದ್ದಳು.

ಲಾಂಡ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ರಕ್ತದ ಚಾದರ, ಮೂತ್ರದ ಚಾದರ, ಹೆರಿಗೆ ವಾರ್ಡಿನ ಚಾದರ. ಕುದಿನೀರಿನಿಂದ ಎತ್ತಿ, ಹಿಂಡಿ, ಕಾದ ರೋಲರಿಗೆ ಕೊಡಬೇಕು. ರೋಲರು ದಿನಕ್ಕೊಮ್ಮೆಯಾದರೂ ಮೊಣಕೈ ಮುಟ್ಟುತ್ತಿತ್ತು. ಸಾವೆತಾಳ ಕೈಯ ಮೇಲೆ ಒಂದು ಕಡೆ ರೋಲರಿನ ಸುಟ್ಟ ಗೆರೆ, ಇನ್ನೊಂದು ಕಡೆ ಮಗಳ ಹಲ್ಲಿನ ಗುರುತು.

ನವೆಂಬರಿನ ಒಂದು ಮಂಗಳವಾರ ಜೊತೆಯಲ್ಲಿ ಕೆಲಸ ಮಾಡುವ ಟಿಂಕಾ ಫೋನು ಹಿಡಿದು ಸಾವೆತಾಳ ಹತ್ತಿರ ಬಂದಳು. ಟಿಂಕಾಳ ತಂಗಿಯ ಮಗ ಕ್ರಿನಾಳ ಕ್ಲಾಸಿನಲ್ಲೇ ಇದ್ದ.

"ಅಕ್ಕ, ತೋರಿಸ್ಲೋ ಬ್ಯಾಡ್ವೋ ಗೊತ್ತಾಗ್ತಿಲ್ಲ. ನಿನ್ನೇದು."

ಪೋಷಕರ ಫೋನ್ ಗುಂಪಿಗೆ ಯಾರೋ ಹಾಕಿದ್ದ ವಿಡಿಯೋ. ಹತ್ತೊಂಬತ್ತು ಸೆಕೆಂಡು. ಶಾಲೆಯ ಗೇಟು, ಸಾವೆತಾಳ ಬೆನ್ನು, ಅವಳ ತೋಳಿನಲ್ಲಿ ಬಿಲ್ಲಿನಂತೆ ಬಗ್ಗಿದ ಕ್ರಿನಾ. ಅಂಗಿ ಮೇಲೆ ಹೋಗಿ ಮಗಳ ಹೊಟ್ಟೆ ಕಾಣುತ್ತಿತ್ತು. ಕೂಗು ಕೇಳುತ್ತಿತ್ತು. ಕೆಳಗೆ ಒಬ್ಬ ಬರೆದಿದ್ದ: "ಕ್ರಿಸ್‌ಮಸ್‌ಗೆ ಹಂದಿ ಕುಯ್ಯೋಕೆ ಇನ್ನೂ ತಿಂಗಳಿದೆ, ಆಗ್ಲೇ ಕೂಗ್ತಿದೆ." ಅದರ ಕೆಳಗೆ ನಗುವ ಮುಖಗಳ ಸಾಲು. ಅದರ ಕೆಳಗೆ ಒಂದು ಮನವಿ, ಇಪ್ಪತ್ತಾರು ಹೆಸರು. ನಮ್ಮ ಮಕ್ಕಳಿಗೂ ನೆಮ್ಮದಿಯಾಗಿ ಓದುವ ಹಕ್ಕಿದೆ, ಆ ಹುಡುಗಿಯನ್ನು ಅವಳಂಥವರ ಜಾಗಕ್ಕೆ ಕಳಿಸಿ. ಮನವಿಗೆ ಚೆರ್ನಾತ್ ಮೇಡಂ ಮೆಚ್ಚುಗೆಯ ಹೆಬ್ಬೆರಳೆತ್ತಿದ ಚಿತ್ರ ಒತ್ತಿದ್ದಳು.

ಸಾವೆತಾಗೆ ಅರ್ಥವಾಗಲಿಲ್ಲ. ತರದಿದ್ದರೆ ಕಚೇರಿಗೆ ದೂರು. ತಂದರೆ ಮನವಿ. ಹಾಗಾದರೆ ದಿನಾ ಬೆಳಿಗ್ಗೆ ತಾನು ಯಾರಿಗಾಗಿ ಎತ್ತುತ್ತಿದ್ದೇನೆ?

"ಅಳಿಸಿಬಿಡ್ಲಾ ಅಕ್ಕ?" ಎಂದಳು ಟಿಂಕಾ.

"ನೀನು ಅಳಿಸಿದ್ರೆ ಏನು ಬಂತು" ಎಂದು ಸಾವೆತಾ ಮುಂದಿನ ಮೂಟೆ ಎತ್ತಿದಳು.

ಮಾರನೆಯ ದಿನವೂ ಎತ್ತಿದಳು. ಆ ಪತ್ರದ ಹೆದರಿಕೆ ವಿಡಿಯೋದ ಅವಮಾನಕ್ಕಿಂತ ದೊಡ್ಡದಿತ್ತು. ಬುಧವಾರ. ಮಳೆಯೂ ಅಲ್ಲದ ಹಿಮವೂ ಅಲ್ಲದ ಕೆಸರು ಆಕಾಶದಿಂದ ಬೀಳುತ್ತಿತ್ತು. ಗೇಟಿನ ಹತ್ತಿರ ಹೋದಾಗ ಕ್ರಿನಾ ಎರಡೂ ಕೈಯಲ್ಲಿ ಗೇಟಿನ ಕಂಬಿ ಹಿಡಿದುಬಿಟ್ಟಳು. ಕಬ್ಬಿಣ ಮಂಜುಗಟ್ಟಿತ್ತು. ಅವಳು ಬಿಡಲಿಲ್ಲ.

ಚೆರ್ನಾತ್ ಮೇಡಂ ಹೊರಗೆ ಬಂದು ಹಿಂದಿನಿಂದ ಸೊಂಟ ಹಿಡಿದಳು. ಬಾಗಿಲು ಕಾಯುವ ಮುದುಕ ಪಾಂದೆಲೆ ಕ್ರಿನಾಳ ಎಡಗೈ ಬಿಡಿಸಿ ಹಿಡಿದುಕೊಂಡ. "ಬಿಡು ತಾಯಿ, ಬಿಡು ಪುಟ್ಟಾ" ಎಂದು ಗೊಣಗುತ್ತಿದ್ದ. ಪ್ರಿನ್ಸಿಪಾಲ್ ಒಲಾರು ಕೊಡೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ರಸ್ತೆಯ ಆಚೆ ನಾಲ್ಕೈದು ತಾಯಂದಿರು. ಒಬ್ಬಳ ಕೈಯಲ್ಲಿ ಫೋನು.

"ಬೆರಳು ಒಂದೊಂದೇ ಬಿಡಿಸಿ" ಎಂದ ಪ್ರಿನ್ಸಿಪಾಲ್. "ಅಮ್ಮನೇ ಬಿಡಿಸ್ಲಿ. ನಾವು ಮುಟ್ಟಿದ್ರೆ ನಾಳೆ ಕೇಸು ಹಾಕ್ತಾರೆ."

ಸಾವೆತಾ ಬಿಡಿಸಿದಳು. ಹೆಬ್ಬೆರಳು. ತೋರುಬೆರಳು. ಒಂದನ್ನು ಬಿಡಿಸಿ ಇನ್ನೊಂದಕ್ಕೆ ಕೈ ಹಾಕಿದರೆ ಮೊದಲಿನದು ಮತ್ತೆ ಕಂಬಿಗೆ ಸುತ್ತಿಕೊಳ್ಳುತ್ತಿತ್ತು. ಮಗಳ ಬೆರಳುಗಳಲ್ಲಿ ಅಷ್ಟು ಬಲವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಆಯ್ತು, ಆಯ್ತು. ಇನ್ನೊಂದೇ ಬೆರಳು. ಎಳೀರಿ. ಇನ್ನೊಂದೇ" ಎಂದ ಪ್ರಿನ್ಸಿಪಾಲ್ ಮೆಟ್ಟಿಲ ಮೇಲಿಂದ.

ಹಸಿ ಹುರುಳಿಕಾಯಿ ಮುರಿದ ಹಾಗೆ ಒಂದು ಸದ್ದಾಯಿತು.

ಕ್ರಿನಾಳ ಕೂಗು ನಿಂತಿತು. ಬಾಯಿ ತೆರೆದೇ ಇತ್ತು, ಸದ್ದಿರಲಿಲ್ಲ. ಮೈ ಸಡಿಲವಾಯಿತು.

"ನೋಡಿದ್ರಾ?" ಎಂದ ಪ್ರಿನ್ಸಿಪಾಲ್. "ಗಟ್ಟಿಯಾಗಿ ನಿಂತ್ರೆ ಹೇಗೆ ಸುಮ್ಮನಾದಳು ನೋಡಿ."

ಅವಳನ್ನು ಒಳಗೆ ಕರೆದುಕೊಂಡು ಹೋದರು. ಸಾವೆತಾ ಗೇಟಿನ ಹೊರಗೆ ನಿಂತಿದ್ದಳು. ಆ ಸದ್ದು ಅವಳ ಕೈಗೂ ಗೊತ್ತಾಗಿತ್ತು, ಕಿವಿಗೂ ಗೊತ್ತಾಗಿತ್ತು. ಆದರೂ ಗಂಟಿನ ನೆಟಿಕೆ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಮನೆಗೆ ಹೋಗಿ ಆಲೂಗಡ್ಡೆ ಸುಲಿದಳು. ಹುಳಿ ಸೂಪಿಗೆ ಹಾಕುವಾಗ ಅರ್ಧ ನೆಲಕ್ಕೆ ಬಿತ್ತು. ಹೋಗಿ ನೋಡಬೇಕು ಅನಿಸಿತು. ಹೋದರೆ ಅವಳನ್ನು ಮನೆಗೆ ಕರೆತರಬೇಕಾಗುತ್ತದೆ, ಕರೆತಂದರೆ ಸೋತ ಹಾಗೆ. ಅವಳು ಹೋಗಲಿಲ್ಲ.

ಒಂದು ಗಂಟೆಗೆ ಕ್ರಿನಾ ಹೊರಗೆ ಬಂದಾಗ ಕಿರುಬೆರಳು ಕಪ್ಪಾಗಿ ಊದಿ ಪಕ್ಕಕ್ಕೆ ತಿರುಗಿತ್ತು. ಐದು ಗಂಟೆ ಕಾಲ ಅವಳು ಹಾಗೇ ಇದ್ದಳು. ಯಾರೂ ಫೋನು ಮಾಡಿರಲಿಲ್ಲ.

"ಅವಳು ಅಳಲೇ ಇಲ್ಲಮ್ಮ, ನಮಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಚೆರ್ನಾತ್ ಮೇಡಂ.

ತಾನು ಚಾದರ ಒಗೆಯುವ ಆಸ್ಪತ್ರೆಗೇ ಸಾವೆತಾ ಮಗಳನ್ನು ಕರೆದುಕೊಂಡು ಹೋದಳು. ಡಾಕ್ಟರು ಬೆರಳಿಗೆ ಪಟ್ಟಿ ಕಟ್ಟಿ ಹೇಗಾಯಿತು ಎಂದು ಕೇಳಿದರು. "ಗೇಟು" ಎಂದಳು ಸಾವೆತಾ. ಮಾರನೆಯ ದಿನ ಮಕ್ಕಳ ರಕ್ಷಣಾ ಕಚೇರಿಯಿಂದ ಫೋನು ಬಂತು. ದೂರು ಕೊಟ್ಟದ್ದು ಶಾಲೆ. ತಾಯಿ ಮಗುವಿನ ಬೆರಳು ಮುರಿದಿದ್ದಾಳೆ ಎಂದು.

ಶುಕ್ರವಾರ ನಾಲ್ಕು ಗಂಟೆಗೆ ಇಬ್ಬರೂ ಶಾಲೆಗೆ ಬರಬೇಕು ಎಂದರು. ಸಾವೆತಾ ಪಾಳಿಗೆ ರಜೆ ಹಾಕಿದಳು. ಮಕ್ಕಳೆಲ್ಲ ಹೋಗಿದ್ದರು. ಬೆಲ್ಲಿನ ಹೊತ್ತು ಮುಗಿದಿತ್ತು. ಕ್ರಿನಾ ಗೇಟಿನ ಹತ್ತಿರ ನಿಂತು ಕಿವಿಗೊಟ್ಟಳು. ಆಮೇಲೆ ತನ್ನ ಕಾಲಿನಲ್ಲಿ ತಾನೇ ನಡೆದು ಒಳಗೆ ಹೋದಳು. ಮೆಟ್ಟಿಲ ಹತ್ತಿರ ತಿರುಗಿ, "ಬಾಮ್ಮ" ಎಂದಳು. ಸಾವೆತಾ ಗೇಟಿನಲ್ಲೇ ನಿಂತುಬಿಟ್ಟಿದ್ದಳು. ಒಂದು ವರ್ಷ ಎತ್ತಿದ್ದಳು. ಸದ್ದಿಲ್ಲದ ಶಾಲೆಗೆ ಮಗಳು ನಡೆದೇ ಹೋಗುತ್ತಾಳೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಪ್ರಿನ್ಸಿಪಾಲರ ಕೋಣೆಯಲ್ಲಿ ಮಕ್ಕಳ ರಕ್ಷಣಾ ಕಚೇರಿಯ ಹೆಂಗಸು ಸ್ತೋಯಾನ್ ಮೇಡಂ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಪಕ್ಕದಲ್ಲಿ ಒಲಾರು, ಚೆರ್ನಾತ್. ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ಪಾಂದೆಲೆ. ಮೇಜಿನ ಮೇಲೆ ಆಗಲೇ ಟೈಪ್ ಮಾಡಿದ್ದ ಎರಡು ಕಾಗದಗಳಿದ್ದವು. ಪ್ರಿನ್ಸಿಪಾಲ್ ಅವನ್ನು ಸಾವೆತಾಳ ಮುಂದಕ್ಕೆ ಸರಿಸಿದ.

"ಓದಮ್ಮ. ನಿನ್ನ ಒಳ್ಳೇದಕ್ಕೇ ಇದು."

ಮೊದಲನೆಯದರಲ್ಲಿ, ಮಗಳು ಶಾಲೆಗೆ ಹೊರಡಲು ಹಟ ಮಾಡಿದಾಗ ಮನೆಯಲ್ಲಿ ಸಿಟ್ಟಿಗೆದ್ದು ತಾನು ಬೆರಳು ಮುರಿದೆ ಎಂದಿತ್ತು. ಎರಡನೆಯದರಲ್ಲಿ, ಜಿಲ್ಲೆಯ ಆಚೆ ತುದಿಯ ವಿಶೇಷ ಶಾಲೆಗೆ, ಅಲ್ಲಿನ ಹಾಸ್ಟೆಲ್ಲಿಗೆ ಮಗಳನ್ನು ಸೇರಿಸಲು ತಾನೇ ಇಷ್ಟಪಟ್ಟು ಕೇಳಿಕೊಳ್ಳುತ್ತಿದ್ದೇನೆ ಎಂದಿತ್ತು.

"ಎರಡಕ್ಕೂ ಸಹಿ ಹಾಕಿದ್ರೆ ಒಂದು ಎಚ್ಚರಿಕೆ ಕೊಟ್ಟು ಮುಗಿಸ್ತಾರೆ. ಇಲ್ಲಾಂದ್ರೆ ಪೊಲೀಸು, ಕೋರ್ಟು. ನಿನ್ನ ಕೆಲಸ ಉಳಿಯುತ್ತಾ? ಯೋಚನೆ ಮಾಡು."

"ಮಗುವನ್ನ ಒಂದು ಮಾತು ಕೇಳ್ಬೇಕು. ನಿಯಮ" ಎಂದಳು ಸ್ತೋಯಾನ್. ಕ್ರಿನಾಳ ಕಡೆ ತಿರುಗಿದಳು. "ಪುಟ್ಟಾ, ನಿನ್ನ ಬೆರಳು ಯಾರು ಮುರಿದ್ರು?"

"ಅಮ್ಮ."

ಲ್ಯಾಪ್‌ಟಾಪಿನ ಗುಂಡಿಗಳು ಟಕಟಕ ಎಂದವು. ಒಲಾರು ಕುರ್ಚಿಗೆ ಒರಗಿಕೊಂಡ. ಚೆರ್ನಾತ್ ಮೇಡಂ ಉಸಿರು ಬಿಟ್ಟಳು.

"ಏನಾಯ್ತು ಅಂತ ಹೇಳ್ತೀಯಾ?" ಎಂದು ಸ್ತೋಯಾನ್ ಪರದೆಯಿಂದ ತಲೆಯೆತ್ತದೆ ಕೇಳಿದಳು.

ಕ್ರಿನಾ ಮೇಜಿನ ಅಂಚನ್ನು ನೋಡುತ್ತಾ ಹೇಳತೊಡಗಿದಳು. ಪಾಠ ಒಪ್ಪಿಸುವ ದನಿ. ಏರಿಲ್ಲ, ಇಳಿವಿಲ್ಲ.

"ಬುಧವಾರ. ನಾನು ಗೇಟಿನ ಕಂಬಿ ಹಿಡ್ಕೊಂಡಿದ್ದೆ. ಚೆರ್ನಾತ್ ಮೇಡಂ ಸೊಂಟ ಹಿಡ್ಕೊಂಡ್ರು. ಪಾಂದೆಲೆ ತಾತ ಎಡಗೈ ಹಿಡ್ಕೊಂಡ್ರು. ಪ್ರಿನ್ಸಿಪಾಲ್ ಸರ್ 'ಇನ್ನೊಂದೇ ಬೆರಳು, ಎಳೀರಿ' ಅಂದ್ರು. ಅಮ್ಮ ಎಳೆದ್ಲು. ಮುರೀತು. ಆಮೇಲೆ ನನ್ನನ್ನ ಮ್ಯಾಟ್ ರೂಮಿಗೆ ಹಾಕಿದ್ರು."

ಗುಂಡಿಗಳ ಸದ್ದು ನಿಂತಿತು.

"ಯಾವ ರೂಮು?" ಎಂದಳು ಸಾವೆತಾ.

"ಆಟದ ಹಾಲಿನ ಪಕ್ಕ ಮ್ಯಾಟು, ಹಗ್ಗ ಎಲ್ಲ ಇಡ್ತಾರಲ್ಲ, ಆ ರೂಮು. ದಿನಾ ಹಾಕ್ತಾರೆ. ಕಿಟಕಿ ಇಲ್ಲ. ಬೆಲ್ಲು ಆ ಗೋಡೆ ಮೇಲೇ ಇದೆ. ಬೆಲ್ಲಾದಾಗ ಗೋಡೆನೂ ಅಲ್ಲಾಡುತ್ತೆ. ಹೊರಗಡೆಯಿಂದ ಚಿಲಕ. ರುಮೇನಿಯನ್ ಪೀರಿಯಡ್ಡು, ಚರಿತ್ರೆ ಪೀರಿಯಡ್ಡು, ಇಂಗ್ಲಿಷ್ ಪೀರಿಯಡ್ಡು ಅಲ್ಲೇ. ಬಚ್ಚಲಿಗೆ ಹೋಗ್ಬೇಕು ಅಂತ ತಟ್ಟಿದ್ರೆ ಕೇಳಿಸಲ್ಲ. ಪ್ಯಾಂಟಲ್ಲೇ ಆಗುತ್ತೆ. ಮೇಡಂ ಅದನ್ನ ಹೀಟರ್ ಮೇಲೆ ಒಣಗಿಸಿ ಮತ್ತೆ ಹಾಕಿಸ್ತಾರೆ."

"ಮಗು ಉದ್ವೇಗದಲ್ಲಿದೆ, ಈಗ ಸಾಕು" ಎಂದ ಪ್ರಿನ್ಸಿಪಾಲ್.

ಕ್ರಿನಾ ಉದ್ವೇಗದಲ್ಲಿರಲಿಲ್ಲ. ಆ ಕೋಣೆಯಲ್ಲಿ ಶಾಂತವಾಗಿ ಕೂತಿದ್ದವಳು ಅವಳೊಬ್ಬಳೇ.

ಸಾವೆತಾಗೆ ಆ ವಾಸನೆ ಗೊತ್ತಿತ್ತು. ಊರಿನವರ ಮೂತ್ರವೆಲ್ಲ ಒಗೆಯುವವಳು. ಮಗಳ ಪ್ಯಾಂಟಿನಲ್ಲಿ ಅದು ಎಷ್ಟು ಸಲ ಮೂಗಿಗೆ ಬಡಿದಿತ್ತು! ಪ್ರತಿ ಸಲವೂ "ಇಷ್ಟು ದೊಡ್ಡವಳಾಗಿ ನಾಚಿಕೆ ಆಗಲ್ವಾ" ಎಂದು ಬೈದು ಬಕೆಟಿಗೆ ಎಸೆದಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ ಮಗಾ?"

"ನೀನು 'ಯಾಕೆ ಹೋಗಲ್ಲ' ಅಂತ ಕೇಳ್ತಿದ್ದೆ. ಯಾಕೆ ಅಂತ ನಂಗೆ ಗೊತ್ತಿಲ್ಲ. ಏನಾಯ್ತು ಅಂತ ನೀನು ಕೇಳ್ಲಿಲ್ಲ."

ಪ್ರಿನ್ಸಿಪಾಲ್ ಬಾಗಿಲ ಕಡೆ ತಿರುಗಿದ. "ಪಾಂದೆಲೆ, ನೀವೇ ಹೇಳಿ. ಆ ರೂಮಿಗೆ ಹೊರಗಿಂದ ಚಿಲಕ ಇದೆಯಾ?"

ಮುದುಕ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. ಪಿಂಚಣಿಗೆ ಅವನಿಗೆ ಇನ್ನು ಒಂದೂವರೆ ವರ್ಷ ಉಳಿದಿತ್ತು.

"ಇಲ್ಲ ಸರ್."

"ಇದೆ ತಾತ" ಎಂದಳು ಕ್ರಿನಾ. ತಪ್ಪು ಲೆಕ್ಕ ತಿದ್ದುವ ಹಾಗೆ ಹೇಳಿದಳು. ಸಿಟ್ಟಿರಲಿಲ್ಲ. "ನೀವೇ ಹಾಕ್ತೀರಲ್ಲ."

ಪಾಂದೆಲೆ ನೆಲ ನೋಡಿದ.

ಸಾವೆತಾ ಎದ್ದು ನಿಂತಳು. "ನಡೀರಿ. ಆ ರೂಮು ತೋರ್ಸಿ."

"ಇವತ್ತಿನ ವಿಷಯ ಅದಲ್ಲ" ಎಂದಳು ಸ್ತೋಯಾನ್. "ಇವತ್ತು ಬೆರಳಿನ ವಿಷಯ ಮಾತ್ರ. ಬೇರೆ ದೂರಿದ್ರೆ ಬೇರೆ ಅರ್ಜಿ ಕೊಡಿ."

"ಬೆರಳಿನ ವಿಷಯಾನೇ ಬರ್ಕೊಳ್ಳಿ ಹಾಗಾದ್ರೆ. ನಾನೇ ಮುರಿದೆ. ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ, ಜೈಲಿಗೆ ಹಾಕಿ. ಆದ್ರೆ ಮನೇಲಿ ಅಲ್ಲ. ನಿಮ್ಮ ಗೇಟಲ್ಲಿ. ಈಕೆ ಸೊಂಟ ಹಿಡಿದಿದ್ಲು. ಈತ ಕೊಡೆ ಹಿಡ್ಕೊಂಡು ಎಣಿಸ್ತಿದ್ದ. ಅದನ್ನೂ ಬರೀರಿ."

"ಮಾತು ನೋಡ್ಕೊಂಡು ಆಡಮ್ಮ" ಎಂದ ಒಲಾರು. "ಚಾದರ ಒಗೆಯೋ ಜಾಗ ಅಲ್ಲ ಇದು."

"ಅಲ್ಲ. ಅಲ್ಲಿ ಒಗೆದ್ರೆ ಕೊಳೆ ಹೋಗುತ್ತೆ."

ಸ್ತೋಯಾನ್ ಮತ್ತೆ ಟೈಪ್ ಮಾಡಿದಳು. ಪ್ರಿಂಟರು ಒಂದು ಹಾಳೆ ಉಗುಳಿತು. ಸಾವೆತಾ ಬೆರಳಿಟ್ಟು ನಿಧಾನವಾಗಿ ಓದಿದಳು. ಬೆರಳನ್ನು ಯಾರು ಮುರಿದರು ಎಂಬ ಪ್ರಶ್ನೆಗೆ ಮಗುವು 'ಅಮ್ಮ' ಎಂದು ಸ್ಪಷ್ಟವಾಗಿ ಉತ್ತರಿಸಿತು. ನಂತರ ಮಗುವು ಉದ್ವೇಗಗೊಂಡು ಸಂಬಂಧವಿಲ್ಲದ ಮಾತುಗಳನ್ನಾಡಿತು. ತಾಯಿಯು ಸಿಬ್ಬಂದಿಯೊಡನೆ ಒರಟಾಗಿ ನಡೆದುಕೊಂಡರು.

"ಸಹಿ ಹಾಕಿ."

"ಹಾಕಲ್ಲ."

"ಮಗು ಹೇಳಿದ್ದನ್ನೇ ಬರ್ದಿದೀನಿ."

"ಒಂದು ಮಾತು ಬರ್ದಿದೀರಿ. ಅವಳು ಅಷ್ಟೂ ಹೇಳಿದ್ಲು. ಅಷ್ಟೂ ಬರೀರಿ, ಹಾಕ್ತೀನಿ."

ಯಾರೂ ಬರೆಯಲಿಲ್ಲ. ಸಾವೆತಾ ಪೆನ್ನು ಮೇಜಿನ ಮೇಲಿಟ್ಟು ಮಗಳಿಗೆ ಕೋಟು ತೊಡಿಸಿದಳು. ಪಟ್ಟಿ ಕಟ್ಟಿದ ಕೈ ತೋಳಿನೊಳಗೆ ಹೋಗಲಿಲ್ಲ. ತೋಳನ್ನು ಹಾಗೇ ನೇತಾಡಲು ಬಿಟ್ಟು ಇಬ್ಬರೂ ಹೊರಗೆ ಬಂದರು. ಬಾಗಿಲಲ್ಲಿ ಪಾಂದೆಲೆ ಏನೋ ಹೇಳಲು ಬಾಯಿ ತೆರೆದ. ಸಾವೆತಾ ನಿಲ್ಲಲಿಲ್ಲ.

ದಾರಿಯಲ್ಲಿ ಡ್ಯಾನ್ಯೂಬಿನ ಕಡೆಯಿಂದ ಗಾಳಿ ಬೀಸುತ್ತಿತ್ತು. "ಇನ್ಮೇಲೆ ನಾನು ಎತ್ತಲ್ಲ" ಎಂದಳು ಸಾವೆತಾ. ಕ್ರಿನಾ ನಂಬಲಿಲ್ಲ. ಭಾನುವಾರ ಮಧ್ಯಾಹ್ನ ಅವಳ ಕೈ ಎಂದಿನಂತೆ ತಣ್ಣಗಾಯಿತು. ಸಂಜೆ ಮಾತು ನಿಂತಿತು. ನಂಬುವಂಥದ್ದನ್ನು ತಾಯಿ ಒಂದು ವರ್ಷದಿಂದ ಏನೂ ಮಾಡಿರಲಿಲ್ಲ.

ಸೋಮವಾರ ಏಳೂವರೆಗೆ ಬಾಗಿಲು ಬಡಿದರು. ಸ್ತೋಯಾನ್, ಚೆರ್ನಾತ್, ಜೊತೆಗೆ ನಿದ್ದೆಗಣ್ಣಿನ ಒಬ್ಬ ಪೊಲೀಸಿನವನು. ತೀರ್ಮಾನ ಆಗುವವರೆಗೆ ಮಗು ಅದೇ ಶಾಲೆಗೆ ಬರಬೇಕು, ಇಲ್ಲದಿದ್ದರೆ ಹಾಸ್ಟೆಲ್ಲಿನ ಕಾಗದಕ್ಕೆ ಈಗಲೇ ಸಹಿ ಬೀಳಬೇಕು ಎಂದರು. ಸಾವೆತಾ ಬಾಗಿಲಿನ ಚೌಕಟ್ಟು ತುಂಬಿಕೊಂಡು ನಿಂತಳು.

"ಮಗು ಎಲ್ಲಿ?"

"ಟಬ್ಬಲ್ಲಿ."

"ತಯಾರು ಮಾಡಿ."

"ಮಾಡಲ್ಲ."

"ನೀವೇ ತಾನೆ ದಿನಾ ಎತ್ಕೊಂಡು ಬರ್ತಿದ್ರಿ?" ಎಂದಳು ಚೆರ್ನಾತ್. "ನಿಮ್ಮ ಕೈಯಾರೆ ಮಾಡ್ತಿದ್ರಿ. ಈಗ ಒಮ್ಮೆಲೇ ಏನಾಯ್ತು ನಿಮ್ಗೆ?"

ಮಾಡುತ್ತಿದ್ದುದು ನಿಜ. ಆದರೂ ಸಾವೆತಾ ಜಾಗ ಬಿಡಲಿಲ್ಲ. "ಅವಳಿಗೆ ಓದೋಕೆ ಬರುತ್ತೆ. ಓದ್ತಾಳೆ. ಮಕ್ಕಳೆಲ್ಲ ಹೋದ ಮೇಲೆ ನಾಲ್ಕು ಗಂಟೆಗೆ ಒಬ್ಬ ಮೇಷ್ಟ್ರು ಕೂತ್ಕೊಳ್ಳಿ, ನಾನು ಪಾಳಿ ಬದಲಿಸ್ಕೊಂಡು, ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ. ಅವಳೇ ನಡ್ಕೊಂಡು ಬರ್ತಾಳೆ. ಶುಕ್ರವಾರ ನೋಡ್ಲಿಲ್ವಾ ನೀವು?"

"ಒಬ್ಬಳಿಗೋಸ್ಕರ?" ಎಂದಳು ಚೆರ್ನಾತ್. ನಿಜವಾಗಿಯೂ ಅಚ್ಚರಿಪಟ್ಟಳು.

ಮೂರನೆಯ ಮಹಡಿಯ ಮುದುಕಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಪೊಲೀಸಿನವನು ಸಾವೆತಾಳ ತೋಳಿಗೆ ಕೈ ಹಾಕಿ ಪಕ್ಕಕ್ಕೆ ಸರಿಸಲು ನೋಡಿದ. ದಿನಾ ಮೂಟೆ ಎತ್ತುವ ಮೈ. ಅಲ್ಲಾಡಲಿಲ್ಲ. ಅವನು ಸ್ತೋಯಾನ್ ಕಡೆ ನೋಡಿದ. ಕೋರ್ಟಿನ ಆದೇಶ ಅವಳ ಚೀಲದಲ್ಲಿರಲಿಲ್ಲ. ಅದಕ್ಕೆ ಇನ್ನೂ ಕೆಲವು ದಿನ ಬೇಕಿತ್ತು. ಅವಳು ಫಾರಂ ತೆಗೆದು ಗೋಡೆಗೆ ಒತ್ತಿ ಹಿಡಿದು ಬರೆದಳು.

"ನಿರಾಕರಣೆ ಅಂತ ಬರೀತೀನಿ. ಇದನ್ನ ಇಟ್ಕೊಂಡೇ ಕೋರ್ಟು ಮಗುವನ್ನ ನಿಮ್ಮಿಂದ ತೆಗೀಬಹುದು. ಗೊತ್ತಿದೆ ತಾನೆ?"

"ಏನು ಬರ್ದ್ರಿ, ಓದಿ."

"ಮಗುವನ್ನು ಶಾಲೆಗೆ ಕಳುಹಿಸಲು ತಾಯಿ ನಿರಾಕರಿಸಿದರು."

ಸಾವೆತಾ ಕೈ ಚಾಚಿದಳು. "ಕೊಡಿ. ಇದು ನಿಜ."

ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದುಕೊಟ್ಟಳು. ಬಾಗಿಲು ಹಾಕಿದಳು. ಮೆಟ್ಟಿಲಿಳಿಯುವ ಬೂಟಿನ ಸದ್ದು ಕೊನೆಯ ಮಹಡಿಯವರೆಗೂ ಕೇಳಿಸಿತು. ಸಾವೆತಾ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

ಬಚ್ಚಲಿನಿಂದ ದನಿ ಬಂತು. ನಿನ್ನೆ ಸಂಜೆಯಿಂದ ಅದೇ ಮೊದಲ ಮಾತು.

"ಹೋದ್ರಾ?"

"ಹೋದ್ರು."

"ನಾಳೆ ಬರ್ತಾರಾ?"

ಇಲ್ಲ ಎನ್ನಬಹುದಿತ್ತು.

"ಬರ್ತಾರೆ ಮಗಾ."

ಆಮೇಲೆ ಕ್ರಿನಾ ಹೊರಗೆ ಬಂದಳು. ಒದ್ದೆ ಮುಖ. ಬರಿಗಾಲು. ಬಾಗಿಲನ್ನು ನೋಡಿದಳು, ನಡುಮನೆಯ ಬಟ್ಟೆಯ ಬೀರುವನ್ನು ನೋಡಿದಳು. ಅಗಲ ಅಳೆಯುವವಳಂತೆ ಎರಡು ಸಲ ನೋಡಿದಳು. ಪಟ್ಟಿಯ ಕೈಯನ್ನು ಮೇಲೆತ್ತಿ ಹಿಡಿದು ಬೀರುವಿಗೆ ಹೆಗಲು ಕೊಟ್ಟಳು. ಅದು ಅಲ್ಲಾಡಲಿಲ್ಲ. ಮತ್ತೆ ಕೊಟ್ಟಳು.

ಸಾವೆತಾ ಗೋಡೆ ಹಿಡಿದು ಎದ್ದಳು. ಮಗಳ ಪಕ್ಕ ಹೋಗಿ ತಾನೂ ಹೆಗಲು ಕೊಟ್ಟಳು.

"ನೀನು ಈ ಕಡೆ ಬಾ. ಕೈಗೆ ತಾಗಿಸ್ಕೋಬೇಡ. ಹೂಂ, ತಳ್ಳು."